ಹೊಂದಿದ ಕಣ್ಣು

ಇನ್ಸ್‌ಪೆಕ್ಟರ್ ಸಾಹೇಬರಿಗೆ,

ಸ್ಟುಡಿಯೋದವನ ನಮಸ್ಕಾರ.

ನಿನ್ನೆ ಶವಾಗಾರದಲ್ಲಿ ನೀವು ತೆಗೆಸಿದ ಗುರುತಿಲ್ಲದ ಹೆಣದ ಫೋಟೋವನ್ನು ನಾನು ಕಳಿಸುತ್ತಿಲ್ಲ. ಗೋಡೆಗೆ ಅಂಟಿಸುವ ಪ್ರಕಟಣೆಯನ್ನು ದಯವಿಟ್ಟು ನಿಲ್ಲಿಸಿ.

ಕಣ್ಣು ಮುಚ್ಚಿದ ಮುಖವನ್ನು ಜನ ಗುರುತಿಸುವುದಿಲ್ಲ ಎಂದು ನೀವು ಹೇಳಿದಾಗಿನಿಂದ, ಹಳೆಯ ಗಿರಾಕಿಗಳ ಪಾಸ್‌ಪೋರ್ಟ್ ಫೋಟೋಗಳಿಂದ ಹೊಂದುವ ಕಣ್ಣು ತೆಗೆದು ಕಂಪ್ಯೂಟರಿನಲ್ಲಿ ಇಂಥ ಹೆಣಗಳ ಫೋಟೋಗೆ ಕೂರಿಸುತ್ತಾ ಬಂದಿದ್ದೇನೆ. ಈ ಸಲ ಹತ್ತಾರು ಜೋಡಿ ಇಟ್ಟು ನೋಡಿದೆ, ಒಂದೂ ಕೂರಲಿಲ್ಲ. ಬೇಸತ್ತು ನನ್ನ ತಮ್ಮನದನ್ನು ಇಟ್ಟೆ. ಕೂದಲೆಳೆಯಷ್ಟೂ ಸರಿಸಬೇಕಾಗಲಿಲ್ಲ. ಕಣ್ಣಿನ ಜತೆ ಬಂದ ಹುಬ್ಬಿನ ಗಾಯದ ಗೆರೆ, ಹೆಣದ ಹಣೆಯ ಮೇಲಿನ ಗೆರೆಗೆ ಸರಿಯಾಗಿ ಕೂಡಿಕೊಂಡಿತು.

ಅವನು ಮನೆ ಬಿಟ್ಟು ಹನ್ನೊಂದು ವರ್ಷ. ಗಡ್ಡ ಬೆಳೆದಿತ್ತು, ಮುಖ ಊದಿತ್ತು. ನಿನ್ನೆ ಆ ಗಲ್ಲವನ್ನು ನಾನೇ ಕೈಯಾರೆ ಎತ್ತಿ ತಿರುಗಿಸಿದ್ದೆ, ಸ್ವಾಮಿ. ನೋಡಿದ್ದು ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ.

ನಾಳೆಯವರೆಗೆ ಹೆಣ ಇಟ್ಟುಕೊಳ್ಳಿ. ಕ್ಷೌರದವನನ್ನು ಕರೆತರುತ್ತೇನೆ. ಆ ಗಡ್ಡದ ಮುಖ ಅಮ್ಮನಿಗೆ ಗೊತ್ತಿಲ್ಲ.

ಇನ್ನೊಂದು ಕೋರಿಕೆ. ತಮ್ಮನ ಆ ಪಾಸ್‌ಪೋರ್ಟ್ ಫೋಟೋ ನಾನು ತೆಗೆದ ದಿನ, ಫ್ಲ್ಯಾಶ್ ಹೊಡೆದಾಗಲೆಲ್ಲ ಅವನು ಕಣ್ಣು ಮುಚ್ಚುತ್ತಿದ್ದ. "ಕಣ್ ಬಿಡೋ ಕತ್ತೆ, ನಿನ್ನಿಂದ ಒಂದ್ ಕೆಲ್ಸಾನೂ ನೆಟ್ಟಗಾಗಲ್ಲ" ಎಂದು ಗಿರಾಕಿಗಳೆದುರೇ ಗದರಿಸಿದೆ. ಅವನು ಕಣ್ಣು ತೆರೆದು ನನ್ನನ್ನೇ ನೋಡಿದ. ಮಾರನೆಯ ಬೆಳಿಗ್ಗೆ ಮನೆಯಲ್ಲಿರಲಿಲ್ಲ.

ಪರೀಕ್ಷೆಗೆಂದು ಕೂಡ ಯಾರೂ ಅವನ ರೆಪ್ಪೆ ಎತ್ತದಿರಲಿ. ಈಗಲಾದರೂ ಮುಚ್ಚಿಕೊಂಡಿರಲಿ.

ಇಂತಿ,
ಮೃತನ ಅಣ್ಣ