ತುಪ್ಪದ ತಟ್ಟೆಯ ಅಕ್ಷರ

ರಾಜೀವಣ್ಣ,

ಇವತ್ತು ಬಸ್ರೂರಿನ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ದಿನ. ಈ ವರ್ಷ ನಿನಗೂ ಒಂದು ಎಲೆ ಹಾಕಿದೆವು.

ಎಲೆ ಒರೆಸುತ್ತಿದ್ದಾಗಲೇ ಪೋಸ್ಟಿನವರು ನಿನ್ನ ಹೆಸರಿಗೆ ಬಂದ ಪೆಟ್ಟಿಗೆ ಕೊಟ್ಟು ಹೋದರು. ಒಸಾಕಾದಲ್ಲಿ ನೀನು ಆರು ವರ್ಷ ಕೆಲಸಕ್ಕಿದ್ದ ಸಿಹಿಯಂಗಡಿಯ ಅಜ್ಜಿ ಕಳಿಸಿದ್ದು. ಮುಚ್ಚಳದ ಬರಹದಲ್ಲಿ ನನಗೆ ಗುರುತು ಸಿಕ್ಕಿದ್ದು ಒಂದೇ ಅಕ್ಷರ. ಅಕ್ಕಿ, ಬೆಲ್ಲ ಕಾಸಿ ಹಾಲುಬಾಯಿ ಮಾಡುವಾಗ ತುಪ್ಪ ಸವರಿದ ತಟ್ಟೆಯಲ್ಲಿ ನೀನು ಬೆರಳಿನಿಂದ ಬರೆಯುತ್ತಿದ್ದೆಯಲ್ಲ, ಅದು.

“ಮೇಲ್ ಹುಲ್ಲ್, ಅಡಿಯಗ್ ಹಣ್ಣ್. ಇದ್ ಅವ್ರ ಸಿಹಿತಿಂಡಿ ಅಕ್ಷರ. ನೀನೂ ಒಂದ್ಸಲ ಬರಿ ಕಾಂಬ,” ಅನ್ನುತ್ತಿದ್ದೆ ನೀನು.

ನಾನು ಬರೆಯಲಿಲ್ಲ. ಕೈ ಖಾಲಿ ಇಲ್ಲವೆಂದು ಅದರ ಮೇಲೆಯೇ ಹಾಲುಬಾಯಿ ಸುರಿದುಬಿಡುತ್ತಿದ್ದೆ.

ಪೆಟ್ಟಿಗೆಯೊಳಗಿದ್ದದ್ದು ಅವರ ಹಾಲುಬಾಯಿ, ನೀನು ಯೋಕಾನ್ ಅನ್ನುತ್ತಿದ್ದದ್ದು. ನಿನ್ನ ಎಲೆಗೆ ಎರಡು ತುಂಡು ಬಡಿಸಿ, ನೀವೆಲ್ಲ ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು.

ಆಗ ನನ್ನ ಮಗಳು ಸುಪ್ರೀತಾ ಪೆಟ್ಟಿಗೆಯಲ್ಲಿದ್ದ ಚೀಟಿಗೆ ಫೋನು ಹಿಡಿದು, ಅದು ಕನ್ನಡಕ್ಕೆ ತಂದದ್ದನ್ನು ಓದಿದಳು. ‘ರಾಜೀವ, ಈ ಸಲ ಸಿಹಿ ಕಡಿಮೆ ಹಾಕಿದ್ದೇನೆ. ಹೇಗಿದೆ ಎಂದು ತಿಳಿಸು. ಹಿಂದಿನ ಪತ್ರಕ್ಕೂ ನೀನು ಉತ್ತರ ಬರೆಯಲಿಲ್ಲ.’

“ಅಮ್ಮ, ಉತ್ರ ಫೋನೇ ಬರಿತ್ತ್. ಎಂತ ಹೇಳ್ಕ್ ಅಂದ್ ನೀನ್ ಕನ್ನಡದಗ್ ಹೇಳ್, ಸಾಕ್,” ಅಂದಳು.

ಫೋನು ತೆಗೆದುಕೊಂಡು ಎರಡು ಸಲ ಬಾಯಿ ತೆರೆದೆ. ಅಜ್ಜಿಗೆ ಹೇಳಬೇಕಾದ ಆ ಒಂದು ಮಾತು ಕನ್ನಡದಲ್ಲೂ ಬರಲಿಲ್ಲ.

“ಸಿಹಿ ಸಮ ಇತ್ತ್ ಅಂದ್ ಬರಿ,” ಅಂದೆ.

ಬಾಗಿಲು ಇನ್ನೂ ತೆರೆದಿರಲಿಲ್ಲ.

ಗಿರಿಜಾ