ಹತ್ತು ಹಲ್ಲು, ನಲವತ್ತೊಂದು ಹಲ್ಲು

ಬೆಟಗೇರಿ,
ತಾ. ೬-೧೧-೧೯೫೬, ಮಂಗಳವಾರ

ನನ್ನ ಮನೆಯವರಿಗೆ ಮಂಜವ್ವ ಮಾಡುವ ನಮಸ್ಕಾರಗಳು.

ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಬರೆಯಲೇಬೇಕಾಯಿತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಿಗೆ ಬಂದದ್ದಿಲ್ಲ. ತಿರಕಪ್ಪ ಎಂದು ನಾಲ್ಕು ಅಕ್ಷರ ಬರೆಯುವಷ್ಟರಲ್ಲಿ ಮಸಿ ಒಂದು ಕಡೆ ಹರಡಿತು. ಅಂಚೆಯವರು ಓದಿಕೊಂಡರೆ ಸಾಕು.

ನಾನು ಕ್ಷೇಮ. ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತೇನೆ, ಹೊಟ್ಟೆಗೆ ಕೊರತೆಯಿಲ್ಲ. ಗ್ಯಾರೇಜಿನ ಬಾಗಿಲನ್ನು ಒಂದು ದಿನವೂ ಮುಚ್ಚಿಲ್ಲ. ಖಾಸಿಂಸಾಬರು ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕುಳಿತು ಸೈಕಲ್ಲು, ಸ್ಟೋವು ರಿಪೇರಿ ಮಾಡುತ್ತಾರೆ. ಕಂಕುಳಲ್ಲಿ ಕೋಲು ಇಟ್ಟುಕೊಂಡು ನಡೆಯುವುದು ಅವರಿಗೆ ರೂಢಿಯಾಗಿದೆ. ಮೊನ್ನೆ ಒಂದನೇ ತಾರೀಖಿನಿಂದ ನಾವು ಮೈಸೂರು ರಾಜ್ಯದವರಾದೆವು, ನೀವಿರುವ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗದಗಿನಲ್ಲಿ ದೊಡ್ಡ ಮೆರವಣಿಗೆ ಆಯಿತಂತೆ. ನಾನು ನೋಡಲಿಲ್ಲ. ಯಾಕೆ ನೋಡಲಿಲ್ಲವೆಂಬುದೇ ಈ ಪತ್ರ.

ಸುತ್ತು ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಅರಳೆ ಜಿನ್ನಿನ ದೇವಪ್ಪ ಸಾವುಕಾರರ ಆ ಮೋಟಾರಿನ ಹಿಂದಿನ ಎಕ್ಸೆಲನ್ನು ನಾನೂ ಖಾಸಿಂಸಾಬರೂ ಬಿಚ್ಚಿದೆವು. ನೀವು ಕೂಡಿಸಿದ ಚಕ್ರಗಳ ಹಲ್ಲುಗಳಲ್ಲಿ ಒಂದೂ ಮುರಿದಿಲ್ಲ, ಒಂದೂ ಸವೆದಿಲ್ಲ. ತಪ್ಪು ನಿಮ್ಮದಲ್ಲ.

ಇಷ್ಟನ್ನೇ ಬರೆದರೆ ನೀವು ನಂಬುವವರಲ್ಲ. ಹೆಂಡತಿ ಸಮಾಧಾನಕ್ಕೆ ಬರೆದಿದ್ದಾಳೆ ಎಂದು ಮಡಚಿ ಇಡುತ್ತೀರಿ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನೀವು ಆ ದಿನವನ್ನು ಮೂರು ವರ್ಷ ಒಬ್ಬರೇ ಕುಳಿತು ನೆನೆದಿದ್ದೀರಿ. ನಾನೂ ಒಬ್ಬಳೇ ಕುಳಿತು ನೆನೆದಿದ್ದೇನೆ. ಎರಡೂ ನೆನಪು ಒಂದೇ ಆಗಿರಲಿಕ್ಕಿಲ್ಲ.

ಸಂಸ್ಥಾನಗಳು ವಿಲೀನವಾದ ಮೇಲೆ ಯಾರದೋ ಅರಮನೆಯ ಲಿಲಾವಿನಲ್ಲಿ ಸವಾಲು ಕೂಗಿ ಸಾವುಕಾರರು ಆ ಅಮೇರಿಕದ ಮೋಟಾರನ್ನು ಕೊಂಡು ತಂದಿದ್ದರು. ಎಡಗಡೆ ಸ್ಟಿಯರಿಂಗು, ಕಾಲಿಗೆ ಎರಡೇ ಪೆಡಲು, ಕ್ಲಚ್ಚೇ ಇಲ್ಲ. ತನ್ನ ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ ಎಂದು ನೀವು ಹೇಳಿದಾಗ ನಾನು ನಕ್ಕಿದ್ದೆ. ಸ್ಟಿಯರಿಂಗಿನ ಬುಡದಲ್ಲಿದ್ದ ಹಿಡಿಕೆಯ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಸೀಮೆಸುಣ್ಣದಿಂದ ಒಲೆಯ ಹಿಂದಿನ ಗೋಡೆಯ ಮೇಲೆ ಬರೆದು ಕಲಿಸಿದಿರಿ. ಎನ್ ಎಂದರೆ ಖಾಲಿ, ಡಿ ಎಂದರೆ ಓಟ, ಎಲ್ ಎಂದರೆ ಏರು ಹತ್ತಲು ಹೆಚ್ಚಿನ ಜಗ್ಗು, ಎಲ್ಲಕ್ಕಿಂತ ಕೆಳಗಿನ ಆರ್ ಎಂದರೆ ಹಿಂದಕ್ಕೆ. ಕನ್ನಡ ಸಾಲೆಯಲ್ಲಿ ಮುಲ್ಕಿ ಪರೀಕ್ಷೆ ಪಾಸಾದ ನನಗೆ ಗೊತ್ತಿರುವ ಇಂಗ್ಲಿಷು ಅಷ್ಟೇ.

ಮೋಟಾರು ಚೆಂದವಿತ್ತು, ಆದರೆ ನಿಂತಲ್ಲಿಂದ ಎಮ್ಮೆ ಎದ್ದ ಹಾಗೆ ಏಳುತ್ತಿತ್ತು. ಬಸ್ಸಿನ ಹಿಂದೆ ಧೂಳು ತಿನ್ನುತ್ತ ಹೋಗಬೇಕಾಗುತ್ತದೆ, ಲಕ್ಷ್ಮೇಶ್ವರದ ಅರಳೆ ವ್ಯಾಪಾರಿಗಳು ದಾಟಿ ಹೋಗಿ ಹೊರಳಿ ನೋಡಿ ನಗುತ್ತಾರೆ ಎಂದು ಸಾವುಕಾರರಿಗೆ ಸಂಕಟ. ನಮ್ಮ ಅಂಗಳಕ್ಕೇ ಬಂದು, “ತಿರಕಪ್ಪಾ, ಇದಕ್ಕ ಕುದುರಿ ಜೀವಾ ತುಂಬಬೇಕ ನೋಡಪಾ” ಎಂದಿದ್ದರು. ನೀವು ಒಂದು ವಾರ ಯೋಚನೆ ಮಾಡಿ, ಎಂಜಿನ್ನು ಮುಟ್ಟುವುದು ಬೇಡ, ಹಿಂದಿನ ಎಕ್ಸೆಲಿನ ಹಲ್ಲು ಬದಲಿಸಿದರೆ ಸಾಕು ಎಂದಿರಿ. ಹಳೆಯ ಜೋಡಿಯಲ್ಲಿ ಚಿಕ್ಕ ಚಕ್ರಕ್ಕೆ ಹನ್ನೊಂದು ಹಲ್ಲು, ದೊಡ್ಡದಕ್ಕೆ ನಲವತ್ತು. ಮುಂಬಯಿಯ ಗುಜರಿಯಲ್ಲಿ ಹುಡುಕಿ ನೀವು ತಂದದ್ದು ಹತ್ತು ಮತ್ತು ನಲವತ್ತೊಂದು. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ನು ಮೊದಲಿಗಿಂತ ಹೆಚ್ಚು ತಿರುಗುತ್ತದೆ, ಅದಕ್ಕೇ ಜಗ್ಗು ಹೆಚ್ಚು ಎಂದು ನೀವು ರೊಟ್ಟಿಯ ಹಂಚನ್ನೂ ಲೋಟವನ್ನೂ ಅಂಚಿಗೆ ಅಂಚು ಹಚ್ಚಿ ತಿರುಗಿಸಿ ತೋರಿಸಿದಿರಿ. ಅಂದು ನಿಮ್ಮ ಮುಖದಲ್ಲಿದ್ದ ಕಳೆಯನ್ನು ನಾನು ಬೇರೆ ಯಾವ ದಿನವೂ ಕಂಡಿಲ್ಲ.

ಹದಿನೈದು ದಿನ ನೀವೂ ಖಾಸಿಂಸಾಬರೂ ಅದರ ಅಡಿಯಲ್ಲೇ ಮಲಗಿದ್ದಿರಿ. ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಹಲ್ಲಿಗೆ ಸವರುವುದು, ಕೈಯಿಂದ ತಿರುಗಿಸುವುದು, ಒತ್ತಿದ ಗುರುತು ಹಲ್ಲಿನ ನಡುವೆ ಬಿತ್ತೋ ಅಂಚಿಗೆ ಬಿತ್ತೋ ನೋಡುವುದು, ಮತ್ತೆ ಬಿಚ್ಚಿ ಕಾಗದದಷ್ಟು ತೆಳ್ಳಗಿನ ತಗಡು ಸೇರಿಸುವುದು. ಹಲ್ಲಿಗೂ ಹಲ್ಲಿಗೂ ನಡುವೆ ಕೂದಲೆಳೆಯ ಸಂದು ಇರಬೇಕು, ಬಿಗಿಯಾದರೆ ಕಾದು ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದಿರಿ.

ಈಗ ನನ್ನ ಪಾಲಿನದು. ನಾಗರ ಪಂಚಮಿಗೆ ಶಿರಹಟ್ಟಿಗೆ, ನನ್ನ ತವರಿಗೆ ಹೋಗಬೇಕೆಂದು ಹಟ ಹಿಡಿದವಳು ನಾನು. ಅಂದು ಮಧ್ಯಾಹ್ನ ನೀವು, “ಇನ್ನೊಮ್ಮೆ ಸಂದು ನೋಡಿ ಮುಚ್ಚತೇನಿ, ತಡೀ” ಎಂದಿರಿ. “ನಿಮಗ ಆ ಹಲ್ಲು ಸಾಕು, ಹೆಂಡತಿ ಬ್ಯಾಡ. ಬಸ್ಸು ಹೋಗೇ ಬಿಡತೈತಿ” ಎಂದು ನಾನು ಉಂಡಿಯ ಡಬ್ಬಿಯನ್ನು ನೆಲಕ್ಕೆ ಕುಕ್ಕಿದೆ. ಕೊನೆಯ ಸಲ ನೋಡದೆ ಮುಚ್ಚಳ ಹಾಕಿ, ಎಣ್ಣೆ ತುಂಬಿ, ಕೈ ತೊಳೆದುಕೊಂಡು ಬಂದಿರಿ.

ಪಂಚಮಿ ಮುಗಿದ ನಾಲ್ಕನೇ ದಿನ ಓಡಿಸಿ ನೋಡಲು ಹೊರಟಿರಿ. ನೀವು ಸ್ಟಿಯರಿಂಗಿಗೆ, ಸಾವುಕಾರರು ನಿಮ್ಮ ಪಕ್ಕಕ್ಕೆ. ಖಾಸಿಂಸಾಬರು ಹಿಂದೆ, ಹಲ್ಲಿನ ಸದ್ದು ಕೇಳಲೆಂದು ಮೋಟಾರಿನ ತಳಕ್ಕೆ ಕಿವಿ ಹಚ್ಚಿ ಮಲಗಿದ್ದರಂತೆ. ಸೊರಟೂರ ದಾಟಿದ ಮೇಲಿನ ನೆಟ್ಟಗಿನ ರಸ್ತೆಯಲ್ಲಿ ಮೋಟಾರು ಬಾಣದ ಹಾಗೆ ಹೋಯಿತಂತೆ. ಎದುರಿಗೆ ಎತ್ತಿನ ಗಾಡಿಯೊಂದು ಕಂಡಿತು, ನೀವು ಅದನ್ನೇ ನೋಡುತ್ತ ವೇಗ ತಗ್ಗಿಸುತ್ತಿದ್ದಿರಿ. ಅಷ್ಟರಲ್ಲಿ ಹಿಂದಿನ ಎರಡೂ ಗಾಲಿ ಒಮ್ಮೆಲೇ ಹಿಡಿದುಕೊಂಡವು. ಮೋಟಾರು ಅಡ್ಡ ತಿರುಗಿ ಜಾಲಿಮರಕ್ಕೆ ಬಡಿಯಿತು. ಖಾಸಿಂಸಾಬರ ಬಲಗಾಲು ಬಾಗಿಲಿನ ನಡುವೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊಳಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ನೀವು ಬಂದವರೆಲ್ಲರ ಮುಂದೆ ಒಂದೇ ಮಾತು ಆಡಿದಿರಿ. “ಹಲ್ಲು ಬಿಗಿ ಆಗಿದ್ವು. ಕಡೀ ಸಲ ನಾ ನೋಡಲಿಲ್ಲ.” ಯಾಕೆ ನೋಡಲಿಲ್ಲವೆಂದು ಯಾರಾದರೂ ಕೇಳುತ್ತಾರೇನೋ ಎಂದು ನಾನು ಕಂಬದ ಹಿಂದೆ ನಿಂತಿದ್ದೆ. ಯಾರೂ ಕೇಳಲಿಲ್ಲ. ನೀವೂ ನನ್ನ ಹೆಸರು ಎತ್ತಲಿಲ್ಲ. ಹನ್ನೆರಡನೇ ದಿನ ಬೋಲ್ಟು ತಿರುವುವ ಪಾನಾಗಳನ್ನೆಲ್ಲ ಒರೆಸಿ ಗೋಡೆಗೆ ನೇತುಹಾಕಿ, ನೀರು ತರಲು ಹೋದ ನಾನು ತಿರುಗಿ ಬರುವಷ್ಟರಲ್ಲಿ ಹೊರಟುಹೋಗಿದ್ದಿರಿ. ಒಂದು ಬೈಗುಳ ಬೈದು ಹೋಗಿದ್ದರೂ ಇಷ್ಟು ದಿನ ಅದನ್ನೇ ಹಿಡಿದುಕೊಂಡು ಇರುತ್ತಿದ್ದೆ.

ಖಾಸಿಂಸಾಬರು ಮಾತ್ರ ಮೊದಲಿನಿಂದಲೂ, “ಹಲ್ಲು ಅರಚಲಿಲ್ಲ ತಂಗೀ. ಬಿಗಿ ಇದ್ದಿದ್ರ ಅರಚತಿದ್ವು. ನನ್ನ ಕಿವಿ ಅಲ್ಲೇ ಇತ್ತು” ಎನ್ನುತ್ತ ಬಂದರು. ಗೆಳೆಯನನ್ನು ಉಳಿಸಿಕೊಳ್ಳಲು ಹೇಳುತ್ತಾರೆ ಎಂದು ಜನ ತಲೆ ಕೊಡವಿದರು. ಖರೆ ಹೇಳಬೇಕೆಂದರೆ ನಾನೂ ನಂಬಿರಲಿಲ್ಲ.

ಆ ಮೋಟಾರನ್ನು ಸಾವುಕಾರರು ಎತ್ತು ಹೂಡಿ ಎಳೆಸಿ ತಂದು ತಮ್ಮ ಜಿನ್ನಿನ ಹಿಂದಿನ ಛಪ್ಪರದಲ್ಲಿ ನಿಲ್ಲಿಸಿ ಅರಳೆಯ ಗೋಣಿತಾಟು ಹೊದಿಸಿಬಿಟ್ಟಿದ್ದರು. ಈ ಶ್ರಾವಣದಿಂದ ಐದು ಸಲ ಅವರ ಬಾಗಿಲಿಗೆ ಹೋಗಿ, ಒಮ್ಮೆ ಬಿಚ್ಚಿ ನೋಡಲು ಬಿಡಿರಿ ಎಂದು ಕೇಳಿದೆ. ಐದು ಸಲವೂ, “ಆಗಿದ್ದು ಆಗಿ ಹೋತು, ಬಿಡವಾ” ಎಂದರು. ಆರನೆಯ ಸಲ ಅವರ ಹೆಂಡತಿ ಅನ್ನಪೂರ್ಣವ್ವನವರು ಒಳಗಿನಿಂದ ಬಂದರು. ದೀಪಾವಳಿಯ ಲಕ್ಷ್ಮೀಪೂಜೆಗೆ ಛಪ್ಪರ ಖಾಲಿ ಮಾಡಲೇಬೇಕು, ಗುಜರಿಯವರು ಒಯ್ಯುವ ಮೊದಲು ನೋಡಿಕೊಳ್ಳಲಿ, ಬಿಡಿರಿ ಎಂದು ಗಂಡನಿಗೆ ಹೇಳಿದರು. ಒಂದನೇ ತಾರೀಖು ಜಿನ್ನಿಗೆ ಸೂಟಿ. ಎಲ್ಲರೂ ಮೆರವಣಿಗೆಗೆ ಹೋದರು. ನಾನೂ ಖಾಸಿಂಸಾಬರೂ ಪಾನಾ ಗಂಟು ಕಟ್ಟಿಕೊಂಡು ಛಪ್ಪರಕ್ಕೆ ಹೋದೆವು. ಸಾವುಕಾರರು ಕುರ್ಚಿ ತರಿಸಿಕೊಂಡು ಕುಳಿತರು.

ಅಡಿಯಲ್ಲಿ ಮಲಗಿದವಳು ನಾನು. ಒಂದು ಕಾಲಿನವರಿಗೆ ಅದು ಆಗುವುದಿಲ್ಲ. ಅವರು ಹೇಳಿದರು, ನಾನು ತಿರುವಿದೆ. ಮುಚ್ಚಳದ ಬೋಲ್ಟುಗಳು ತುಕ್ಕು ಹಿಡಿದು ಅಂಗೈ ಕಿತ್ತುಹೋಯಿತು. ಕೊನೆಗೆ ಮುಚ್ಚಳ ಬಂತು, ಎಣ್ಣೆ ನನ್ನ ಎದೆಯ ಮೇಲೆಲ್ಲ ಸುರಿಯಿತು. ಬಟ್ಟೆಯಿಂದ ಒರೆಸಿ ಒಂದೊಂದೇ ಹಲ್ಲನ್ನು ಬೆರಳಿನಿಂದ ಮುಟ್ಟಿ ಗಟ್ಟಿಯಾಗಿ ಎಣಿಸಿದೆ. ಹತ್ತು. ನಲವತ್ತೊಂದು. ಎಲ್ಲವೂ ಇದ್ದವು. ಗೇರಿನ ಪೆಟ್ಟಿಗೆಯಿಂದ ಬರುವ ದಂಡವನ್ನು ಬಿಚ್ಚಿ, ಸಿಂಧೂರ ಸವರಿ ತಿರುಗಿಸಿದೆ. ಹಗುರವಾಗಿ ತಿರುಗಿತು, ಗುರುತು ಪ್ರತಿ ಹಲ್ಲಿನ ನಟ್ಟನಡುವೆ ಕುಂಕುಮ ಇಟ್ಟ ಹಾಗೆ ಬಿತ್ತು. ಸಂದು ನೋಡಿದೆವು, ನೀವು ಹೇಳುತ್ತಿದ್ದ ಅಳತೆಯೇ ಇತ್ತು. ಅಲ್ಲೇ ಮಲಗಿದಲ್ಲೇ ಅತ್ತೆ. ಖಾಸಿಂಸಾಬರು ಕೋಲಿನಿಂದ ನೆಲ ಕುಟ್ಟಿ, “ಎದ್ದ ಬಾ ತಂಗೀ. ಹಲ್ಲು ಹಿಡೀಲಿಲ್ಲ ಅಂದ್ರ ಗಾಲಿ ಹಿಡದದ್ದು ಯಾವುದು, ಅದನ್ನ ನೋಡೋಣು” ಎಂದರು.

ಆಗ ನಾನು ಮುಂದಿನ ಬಾಗಿಲು ತೆಗೆದೆ. ಮೂರು ವರ್ಷ ಎಲ್ಲರೂ ಹಿಂದಿನ ಹಲ್ಲಿನ ಮಾತನ್ನೇ ಆಡಿದ್ದರು, ಮುಂದೆ ಯಾರೂ ನೋಡಿರಲಿಲ್ಲ. ನೀವಂತೂ ಖಾಸಿಂಸಾಬರನ್ನು ಹೊತ್ತುಕೊಂಡು ಓಡಿದವರು. ಹಿಡಿಕೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ. ಮುಳ್ಳು ಎಲ್ಲಕ್ಕಿಂತ ಕೆಳಗಿನ ಅಕ್ಷರದ ಮೇಲೆ ನಿಂತಿತ್ತು. ಆರ್. ಎರಡೂ ಕೈಯಿಂದ ಎತ್ತಿದರೂ ಅಲುಗಲಿಲ್ಲ. ಓಡುವ ಮೋಟಾರನ್ನು ಹಿಂದಕ್ಕೆ ಹಾಕಿದ್ದಾರೆ, ಗೇರಿನ ಪೆಟ್ಟಿಗೆ ಒಳಗೇ ಕಚ್ಚಿಕೊಂಡು ಗಾಲಿ ಹಿಡಿದಿದೆ.

ನಾನು ತಿರುಗಿ ನೋಡುವಷ್ಟರಲ್ಲಿ ಸಾವುಕಾರರು ಕುರ್ಚಿಯಿಂದ ಎದ್ದಿದ್ದರು. “ಮಂಜವ್ವಾ, ಕೈ ನಂದು” ಎಂದರು. “ಎಲ್ ಅಕ್ಷರಕ್ಕ ಹಾಕಿದ್ರ ಇನ್ನೂ ಜಗ್ಗತೈತಿ ಅಂತ ತಿರಕಪ್ಪನ ಹೇಳಿದ್ದ. ನೋಡೋಣಂತ ಕೆಳಗ ಎಳದೆ. ಒಂದ ಮನಿ ಹೆಚ್ಚಿಗಿ ಹೋಗಿ ಆರ್ ಮ್ಯಾಲೆ ಬಿತ್ತು.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಹೇಳಬೇಕಂತನ ದವಾಖಾನಿಗೆ ಬಂದಿದ್ದೆ. ಅಷ್ಟರಾಗ ನಿನ್ನ ಗಂಡ ತಪ್ಪು ನಂದು ಅಂದ. ನಾ ಸುಮ್ಮಾದೆ. ಒಮ್ಮೆ ಸುಮ್ಮಾದ ಮ್ಯಾಲೆ ದಿನಾ ಸುಮ್ಮನಿರೂದ ಆತು” ಎಂದರು.

ನನಗೆ ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕೆನಿಸಿತ್ತು. ಆದರೆ ಮೊದಲು ಮಾತಾಡಿದವರು ಖಾಸಿಂಸಾಬರು. ದನಿ ಏರಿಸಲಿಲ್ಲ. “ಸಾವುಕಾರ್ರ, ನನ್ನ ಕಾಲು ಹೋದದ್ದು ಅಲ್ಲಾನ ಇಚ್ಛಾ ಅಂತ ಬಿಟ್ಟಿದ್ದೆ. ಆದ್ರ ತಿರಕಪ್ಪನ ಕೈಕೆಲಸಾ ಕೆಡವಿದ್ರಿ ನೋಡ್ರಿ, ಅದನ್ನ ನಾ ಬಿಡಾಂಗಿಲ್ಲ. ಬರದ ಕೊಡ್ರಿ” ಎಂದರು. ಅಲ್ಲೇ ಜಿನ್ನಿನ ಕಾಗದದ ಮೇಲೆ ಸಾವುಕಾರರು ನಡೆದದ್ದನ್ನು ತಮ್ಮ ಕೈಯಾರೆ ಬರೆದು ಸಹಿ ಮಾಡಿದರು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ದೀಪಾವಳಿಯ ದಿನ ಪೂಜೆಗೆ ಬಂದ ನಾಲ್ಕು ಮಂದಿಯ ಮುಂದೆ ಬಾಯಿಂದಲೂ ಹೇಳಿದರಂತೆ. ಅನ್ನಪೂರ್ಣವ್ವನವರು ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಿದ್ದಾರೆಂದು ಕೇಳಿದೆ.

ಹೇಳಬೇಕಾದದ್ದು ಇಷ್ಟು. ಬರ್ರಿ ಎಂದು ಕರೆಯಲು ಈ ಪತ್ರ ಬರೆದಿಲ್ಲ. ನನಗೆ ಒಬ್ಬಳೇ ಉಣ್ಣುವುದು, ಒಂದೇ ತಾಟು ತೊಳೆಯುವುದು ರೂಢಿಯಾಗಿದೆ. ನೀವು ಅಲ್ಲಿಯೇ ಇದ್ದರೂ ಸರಿ, ಕೈಯಲ್ಲಿ ಮತ್ತೆ ಪಾನಾ ಹಿಡಿಯಿರಿ. ಆ ಎರಡು ಚಕ್ರಗಳನ್ನು ಸಾವುಕಾರರಿಂದ ಕೇಳಿ ತಂದು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಹಾಳಾಗುವಂಥ ಕೆಲಸ ಅದಲ್ಲ. ಅಂದು ಅವಸರ ಮಾಡಿದ್ದಕ್ಕೆ ನನ್ನನ್ನು ಕ್ಷಮಿಸಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಖಾಸಿಂಸಾಬರು ನಿಮಗೆ ಸಲಾಮು ತಿಳಿಸಿ, ಕಾಲಿನ ಸಿಟ್ಟು ನಿಮ್ಮ ಮೇಲೆ ಯಾವತ್ತೂ ಇರಲಿಲ್ಲ ಎಂದು ಬರೆಯಲು ಹೇಳಿದರು. ಮೈ ಕಡೆ ನೋಡಿಕೊಳ್ಳಿರಿ.

ಇಷ್ಟೇ ಬರೆಯಬಲ್ಲ,
ಮಂಜವ್ವ

ತಾ. ಕ. ವಿಳಾಸ ಎಲ್ಲಿಂದ ಸಿಕ್ಕಿತು ಎಂದು ನೀವು ಕೇಳುತ್ತೀರಿ. ಅರಳೆ ಲಾರಿಯ ಶೇಖಸಾಬರು ನಿಮ್ಮನ್ನು ಸೊಲ್ಲಾಪುರದಲ್ಲಿ ಕಂಡು ಬಂದು ಹೇಳಿದರು. ಈ ಶ್ರಾವಣದ ಎರಡನೇ ಸೋಮವಾರ ನಾನು ಯಾರಿಗೂ ಹೇಳದೆ ರೈಲು ಹತ್ತಿ ಅಲ್ಲಿಗೆ ಬಂದಿದ್ದೆ. ನೀವು ಗ್ಯಾರೇಜಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಯಾರದೋ ಮೋಟಾರಿನ ಗಾಲಿ ತೊಳೆಯುತ್ತಿದ್ದಿರಿ. ಒಳಗೆ ನಿಮಗಿಂತ ಚಿಕ್ಕವರು ಎಂಜಿನ್ನು ಬಿಚ್ಚುತ್ತಿದ್ದರು. ನನ್ನ ನೆರಳು ಬಿದ್ದದ್ದಕ್ಕೆ ತಲೆ ಎತ್ತದೆ, ಯಾರು ಬೇಕು ಬಾಯಿಯವರೇ ಎಂದು ಮರಾಠಿಯಲ್ಲಿ ಕೇಳಿದಿರಿ. ಬರಿಗೈಯಲ್ಲಿ ಬಂದ ನಾನು ಏನು ಹೇಳಲಿ? “ಯಾರೂ ಬ್ಯಾಡ್ರಿ” ಎಂದು ಹೊರಳಿ ನಡೆದೆ. ಹಿಂದೆ ನೀರು ಸುರಿಯುವ ಸದ್ದು ನಿಂತದ್ದು ಕೇಳಿತು. ಮೂಲೆ ತಿರುಗುವವರೆಗೂ ಅದು ಮತ್ತೆ ಶುರುವಾಗಲಿಲ್ಲ. ಯಾರೂ ಬ್ಯಾಡ ಎಂದದ್ದು ಸುಳ್ಳು.