ತುಳುಕುವ ಬಟ್ಟಲು

ಮೇ 14, ಮಂಗಳವಾರ.

ಆ ಅಧಿಕಾರಿಯ ನಗು ಕಣ್ಣಮುಂದಿನಿಂದ ಹೋಗುತ್ತಿಲ್ಲ.

ನಿನ್ನೆ ಮತ್ತೆ ರಾಕೆಟ್ ಹಾರಿತು. ಬೆಳಕು ಕಂಡಾಗ ನಮ್ಮ ಗಬ್ಬದ ಕುದುರೆ ಸುಮ್ಮನೆ ಮೇಯುತ್ತಿತ್ತು. ಆಮೇಲೆ ಸದ್ದು ಬಂತು, ನೆಲ ನಡುಗಿತು. ಕುದುರೆ ಬೆದರಿ ಓಡಿ, ಬಿದ್ದು, ಕಂದು ಹಾಕಿತು. ಇವತ್ತು ವಿಚಾರಣೆಗೆಂದು ರಾಕೆಟ್ ಹಾರಿಸುವ ಊರಿನಿಂದ ಆ ಅಧಿಕಾರಿ, ಯೆರ್ಬೋಲ್, ಬಂದ. ನಮ್ಮ ಕಜಕ್ ಜನದವನೇ.

"ರಾಕೆಟ್ ಅಷ್ಟು ದೂರ ಇತ್ತಲ್ಲಮ್ಮ. ಮೇಲೆ ಹೋದ್ಮೇಲಂತೂ ಸದ್ದೇ ಇರಲ್ಲ. ಸದ್ದು ಸಾಗೋಕೆ ಅಲ್ಲಿ ಗಾಳಿನೇ ಇಲ್ಲ."

"ಗಾಳಿ ಇರೋ ಕಡೆ ನಾವಿದ್ದೀವಲ್ಲಪ್ಪ," ಎಂದೆ.

ನಕ್ಕ. ನನ್ನ ಗಂಡ ಜಾಕ್ಸಿಲಿಕ್ ಕೂಡ ನಕ್ಕ, ಹೇಡಿ.

ನಮ್ಮಲ್ಲಿ ಅತಿಥಿ ಇನ್ನಷ್ಟು ಹೊತ್ತು ಕೂತಿರಲಿ ಅನ್ನಿಸಿದರೆ ಅರ್ಧ ಬಟ್ಟಲು ಚಹಾ ಕೊಡುತ್ತೇವೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ. ತುಳುಕುವಷ್ಟು ಹೊಯ್ದೆ. ಗಂಡನ ಮುಖ ಬಿಳಿಚಿತು. ಆ ಅಧಿಕಾರಿ ಮಾತ್ರ ಸೊರ್ರೆಂದು ಕುಡಿದು, "ಧಾರಾಳ ಕೈ ನಿಮ್ದು" ಎಂದು ಬಟ್ಟಲನ್ನು ಮತ್ತೆ ಚಾಚಿದ.

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತವನಿಗೆ ನಾನು ಹೇಳಿದ್ದು ತಲುಪಲಿಲ್ಲ. ಇವರು ನಕ್ಷತ್ರಗಳ ಕಡೆಗೆ ಮಾತು ಕಳಿಸುತ್ತಾರಂತೆ.